ಎರಡು ಕೇಜಿ ತಲೆ

ಮೊದಲು ಮೊಳೆಗೆ ನೇತುಹಾಕುತ್ತಿದ್ದೆ.
ಕ್ಯಾಲೆಂಡರಿನ ಮೊಳೆ, ದಿನಗಳನ್ನು ಬಿಟ್ಟು
ಬೇರೆ ಭಾರ ಹೊತ್ತು ಗೊತ್ತಿಲ್ಲ ಅದಕ್ಕೆ.
ಮಾರ್ಚಿನಲ್ಲೊಂದು ದಿನ ಗಾರೆ ಸಮೇತ ಕಿತ್ತು ಬಂತು,
ಹೆಡ್‌ಫೋನು ಸಾರಿನ ಪಾತ್ರೆಗೆ ಒಂದು ಗೇಣು ಈಚೆ ಬಿತ್ತು.
ಒಂದೇ ಕೋಣೆ ನನ್ನದು, ಸಿದ್ದಾಪುರದ ಸಂತೆಮಾಳದ ಹಿಂದೆ:
ಇತ್ತ ಒಲೆ, ಅತ್ತ ಕಂಪ್ಯೂಟರು, ನಡುವೆ ನಾನು.

ಅಂಗಡಿಯಲ್ಲಿ ಕೇಳಿದೆ. ಸ್ಟ್ಯಾಂಡಿಗೆ ಒಂಬೈನೂರು.
ಹೆಡ್‌ಫೋನಿಗೇ ಕೊಟ್ಟದ್ದು ಏಳುನೂರು, ಅದೂ ಎರಡು ಕಂತು.
ಕುದುರೆಗಿಂತ ಲಾಯ ದುಬಾರಿ.

ನನ್ನ ಕಸುಬು ಕೇಳುವುದು. ಪುಟಕ್ಕೆ ಹದಿನೆಂಟು ರೂಪಾಯಿ.
ಆನೆ ನುಗ್ಗಿದ ತೋಟದವರ ಹೇಳಿಕೆ
ಮೊಬೈಲಿನಲ್ಲಿ ಹಿಡಿದು ಕಳಿಸುತ್ತಾರೆ, ಟೈಪು ಮಾಡಿ ಕೊಡುತ್ತೇನೆ.
"ಬೈನೆ ಮರ ಮುರೀತು. ಆಮೇಲೆ ಕೆರೆಗೆ ಇಳೀತು.
ಆಮೇಲೆ...
ಬರ್ಕೊಳ್ಳಿ, ಆಮೇಲೆ ನಿಂತು ನಮ್ಮನ್ನೇ ನೋಡ್ತು."
ಆ ಚುಕ್ಕಿಗಳಿಗೆ ದುಡ್ಡಿಲ್ಲ.
ಆದರೂ ಕೇಳದೆ ಮುಂದೆ ಹೋಗುವಂತಿಲ್ಲ.

ಹ್ಯಾಂಗರಿನ ತಂತಿ ಬಗ್ಗಿಸಿ ಒಂದು ಮಾಡಿದೆ.
ನಮಸ್ಕಾರ ಮಾಡುತ್ತಾ ಮಾಡುತ್ತಾ ಮಲಗಿಬಿಟ್ಟಿತು.
ಬಾಟಲಿಗೆ ಮರಳು ತುಂಬಿ, ಮೇಲೆ ತೆಂಗಿನ ಚಿಪ್ಪು ಕವುಚಿದೆ.
ನಿಂತಿತು. ಇರುವೆಯೂ ಬಂತು.
ಪಕ್ಕದ ಮನೆಯ ಸಫೀನಾ ಚಿಪ್ಪಿಗೆ ಕಣ್ಣು, ಮೀಸೆ ಬರೆದು ಹೋದಳು;
ಆ ಮೇಲೆ ಅವನೆದುರು ಕೂತು ಒಂದು ಪುಟವೂ ಸಾಗಲಿಲ್ಲ.

ಮೊಯ್ದುಕ್ಕನ ಗುಜರಿಯಲ್ಲಿ ಸಿಕ್ಕಿದ್ದು ತೂಕದ ಬಟ್ಟು,
ಎರಡು ಕೇಜಿಯದು, ಆರು ಮೂಲೆ, ತುಕ್ಕು.
ಹೊಟ್ಟೆಯಲ್ಲಿ ಸೀಸ, ಸೀಸದ ಮೇಲೆ
ವರ್ಷವರ್ಷ ಬಡಿದ ಸರ್ಕಾರದ ಮುದ್ರೆ.
ಅಂಗೈಯಲ್ಲಿ ಒಮ್ಮೆ ಎತ್ತಿ ಇಳಿಸಿ ಮೊಯ್ದುಕ್ಕ ನಕ್ಕ:
"ನಲವತ್ತು ಗ್ರಾಂ ಕಮ್ಮಿ. ಸೀಸ ಕೆರೆದಿದ್ದಾರೆ.
ಎಷ್ಟು ಜನರ ಮೆಣಸು ತಿಂದಿದೆಯೋ ಇದು!
ನಿನ್ನ ಕೆಲಸಕ್ಕೇನು, ತಕೊಂಡು ಹೋಗು."

ಕೆರೆದ ಕುಳಿ ಮೇಲೆ ಬರುವಂತೆ ಬಟ್ಟನ್ನು ಬೋರಲು ಹಾಕಿದೆ.
ಕಿತ್ತೆಸೆದ ರೋಬಸ್ಟಾ ಗಿಡದ ಕೊಂಬೆ,
ಸೌದೆ ರಾಶಿಯಿಂದ ಕೇಳಿ ತಂದದ್ದು,
ಸಿಪ್ಪೆ ಸುಲಿದರೆ ಒಳಗೆ ಹಾಲುಹಲ್ಲಿನ ಬಣ್ಣ.
ಅದನ್ನು ಕುಳಿಗೆ ಕೂರಿಸಿ ಸುತ್ತ ಅಂಟು ಮೆತ್ತಿದೆ.
ತುದಿಗೆ ಕರಿ ಪೈಪಿನ ತುಂಡು,
ಆನೆ ಕಾಲಿಟ್ಟು ಚಪ್ಪಟೆಯಾದ ಪೈಪಿನಲ್ಲಿ
ಕಾಲಿಡದೆ ಬಿಟ್ಟ ಒಂದು ಗೇಣು.
ಉದ್ದಕ್ಕೆ ಸೀಳಿದೆ, ನನ್ನ ನೆತ್ತಿಯ ಮೇಲಿಟ್ಟು ಅಳತೆ ನೋಡಿದೆ,
ಹಳೆ ಸ್ವೆಟರಿನ ತೋಳು ತೊಡಿಸಿದೆ.

ಖುಷಿಗೆ ಮೊಯ್ದುಕ್ಕನ ಕರೆಂಟು ತಕ್ಕಡಿಯಲ್ಲಿಟ್ಟರೆ
ಎರಡು ಕೇಜಿ ನೂರ ಮೂವತ್ತು.
"ಈಗ ಜಾಸ್ತಿ ಹೇಳ್ತದೆ," ಅಂದ. "ಕೆಟ್ಟ ಸಹವಾಸ."

ನಿಂತಿದೆ. ಕಣ್ಣಿಲ್ಲ, ಮೀಸೆಯಿಲ್ಲ.
ಸಫೀನಾ ಪೆನ್ನು ಹಿಡಿದು ಬಂದಾಗ ಬಾಗಿಲು ಹಾಕಿಕೊಂಡೆ.

ನಿನ್ನೆ ರಾತ್ರಿ ಅಕ್ಕಿ ತೊಳೆಯಲೆಂದು ಎದ್ದವಳು
ರೆಕಾರ್ಡು ನಿಲ್ಲಿಸದೆಯೇ ಅದರ ತಲೆಗೆ ಏರಿಸಿ ಹೋಗಿದ್ದೆ.
ಅನ್ನ ಬೆಂದು, ಬಸಿದು, ಕೈ ಒರೆಸಿಕೊಳ್ಳುವಾಗ
ಮೂಲೆಯಲ್ಲಿ ಸಣ್ಣಗೆ, ಡಬ್ಬಿಯೊಳಗಿನ ಜೀರುಂಡೆಯ ಹಾಗೆ,
ಯಾರೋ ಹೇಳುತ್ತಲೇ ಇದ್ದರು.
ಸರ್ವೆ ನಂಬರು ಕೇಳುವವರಿಲ್ಲ,
ಸ್ವಲ್ಪ ನಿಧಾನ ಎನ್ನುವವರಿಲ್ಲ,
ಹೂಂಗುಟ್ಟುವವರೂ ಇಲ್ಲ.
ಕಳ್ಳ ಬಟ್ಟಿನ ಮೇಲೆ ಕಾಫಿಯ ಕೋಲು ನೆಟ್ಟಗೆ ನಿಂತು
ಇಪ್ಪತ್ತು ನಿಮಿಷದ ಮಾತನ್ನು
ಒಂದಕ್ಷರವೂ ಟೈಪು ಮಾಡದೆ ಕೇಳಿಸಿಕೊಂಡಿತ್ತು.

ಬಿಚ್ಚಿ ನನ್ನ ಕಿವಿಗೆ ಏರಿಸಿಕೊಂಡೆ.
"ಆಮೇಲೆ..." ಅಂದಿತು ಮುದುಕಿಯ ದನಿ, ನಿಂತಿತು.
ಹಿಂದಕ್ಕೆ ತಿರುಗಿಸಿ ಮೊದಲಿಂದ ಕೇಳಬೇಕಿತ್ತು.
ಅನ್ನ ಆರುತ್ತಿತ್ತು.

ಹೂಂ, ಎಂದೆ.